ಎಡಗಾಲಿನ ಬೂಟು

ಹೇಗೆ ಗೊತ್ತಾಯಿತು ಎನ್ನುತ್ತೀಯ.
ಒಂದೇ ಸಲಕ್ಕೆ ಗೊತ್ತಾಗಲಿಲ್ಲ, ಟೆಸ್.
ಟಾಸ್ಮೇನಿಯಾದ ಹ್ಯೂಆನ್ ನದಿಯ ದಂಡೆಯಲ್ಲಿ
ಸೇಬು ಬಿಡಿಸುತ್ತಿದ್ದೆ, ಇಪ್ಪತ್ತಾರು ವರ್ಷ,
ಮಗು ಹೋಗಿ ಏಳು ತಿಂಗಳಾಗಿತ್ತು.
ಅವರು ಬಿಸಿ ಸೂಪು ತಂದರು.
ಹರಿದ ಪರದೆ ಹೊಲಿದುಕೊಟ್ಟರು.
ಭಾನುವಾರ ಶೆಡ್ಡಿನಲ್ಲಿ ನಲವತ್ತು ಜನ
ನನ್ನ ಹೆಸರು ಹಿಡಿದು ಅತ್ತರು.
ನನ್ನ ಹೆಸರಿಗೆ ಅಷ್ಟು ಕಣ್ಣೀರಿದೆಯೆಂದು
ಅದಕ್ಕೆ ಮೊದಲು ಯಾರು ಹೇಳಿದ್ದರು?

ಆ ಸೂಪು ಸುಳ್ಳಲ್ಲ. ಈಗಲೂ ಹೇಳುತ್ತೇನೆ.

ಆಮೇಲಿನದೆಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಮೊದಲು ಗುರುವಾರದ ನೋಟ್‌ಬುಕ್ಕು:
ವಾರದ ಯೋಚನೆಯನ್ನೆಲ್ಲ ಬರೆದು ಕೊಡಬೇಕು,
ಹಿರಿಯರಾದ ಕ್ಲೈವ್ ಹಸಿರು ಶಾಯಿಯಲ್ಲಿ ತಿದ್ದುತ್ತಾರೆ.
‘ಅಹಂ’ ಎಂದು ಒಂದು ಕಡೆ.
‘ಇದು ನೀನಲ್ಲ, ಅವನು’ ಎಂದು ಇನ್ನೊಂದು ಕಡೆ.
ಅವನೆಂದರೆ ಸೈತಾನ.
ಆಮೇಲೆ ಕಾರಿನ ಕೀಲಿ, ಅವರ ಅಡುಗೆಮನೆಯ ಮೊಳೆಗೆ.
ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ತೂಗುಹಾಕಿ ಬಂದೆ.
ಹಲ್ಲುನೋವಿಗೆ ಡಾಕ್ಟರ ಬಳಿ ಹೋಗಲೇ ಎಂದು
ಹನ್ನೊಂದು ದಿನ ಕೇಳಿದೆ.
ಹನ್ನೆರಡನೆಯ ದಿನ ಹಲ್ಲು ತಾನೇ ಸತ್ತಿತು.
ಅದಕ್ಕೂ ಸ್ತೋತ್ರ ಹೇಳಿದೆವು.

ಗ್ವೆಂಡಾ, ನಿನ್ನಮ್ಮ, ಹೋಬಾರ್ಟಿನಿಂದ ಬಂದು
ಗೇಟಿನ ಹೊರಗೆ ಕತ್ತಲಾಗುವ ತನಕ ನಿಂತಿದ್ದಳಂತೆ.
ಒಳಗೆ ನಾನು ಅವಳ ಆತ್ಮಕ್ಕಾಗಿ ಉಪವಾಸವಿದ್ದೆ.

ಪ್ರಶ್ನೆ ಕೇಳಿದರೆ ಕ್ಲೈವ್ ಬೈಯುತ್ತಿರಲಿಲ್ಲ.
ಕಣ್ಣು ತುಂಬಿಕೊಂಡು ಸುಮ್ಮನಾಗುತ್ತಿದ್ದರು.
ಮನೆಗೆ ಬಂದು ನಾನೇ ನನ್ನನ್ನು ಬೈದುಕೊಳ್ಳುತ್ತಿದ್ದೆ,
ಅವರ ದನಿಯಲ್ಲಿ.

ಮತ್ತೆ ಆ ಪ್ರವಾದನೆಗಳು.
ಭಾನುವಾರ ಕಣ್ಣು ಮುಚ್ಚಿ, ಅಂಗೈ ಮೇಲೆತ್ತಿ
‘ಕರ್ತನು ತೋರಿಸುತ್ತಿದ್ದಾನೆ’ ಎಂದು
ನನ್ನೆದೆಯೊಳಗಿದ್ದುದನ್ನೇ ಹೇಳುತ್ತಿದ್ದರು:
ದಿಂಬಿನಡಿ ಒಂದು ಪುಟ್ಟ ಕಾಲ್ಚೀಲ, ಉಣ್ಣೆಯದು.
ಬೆನ್ನ ಮೇಲೆ ಇರುವೆ ಹರಿಯಿತು. ದೇವರಿಗೆ ನಾನು ಗೊತ್ತು!
ಕಾಲ್ಚೀಲದ ಮಾತು ನೋಟ್‌ಬುಕ್ಕಿನಲ್ಲಿರಲಿಲ್ಲ.
ಮೇವಿಸ್‌ಗೆ ಹೇಳಿದ್ದೆ, ಅವರ ಹೆಂಡತಿಗೆ,
ಪಾತ್ರೆ ಒರೆಸುತ್ತ, ಒಮ್ಮೆ.

ಒಂದು ಏಪ್ರಿಲ್ ಸಂಜೆ, ಯಾಕೋ,
ಸೇಬು ವಿಂಗಡಿಸುವ ಬೆಲ್ಟಿನ ಪಕ್ಕ ನಿಂತು
ಕೆಂಪು ಸಿಪ್ಪೆಯಡಿ ಹೆಬ್ಬೆರಳು ಮೆತ್ತಗೆ ಇಳಿದಾಗ
ಮೇವಿಸ್‌ಗೆ ಒಂದು ಸುಳ್ಳು ಹೇಳಿದೆ:
‘ಅಕ್ಕನಿಗೆ ಕಾಗದ ಬರೆದಿದ್ದೇನೆ,
ಎಡಗಾಲಿನ ರಬ್ಬರ್ ಬೂಟಿನಲ್ಲಿ ಬಚ್ಚಿಟ್ಟಿದ್ದೇನೆ.’
ಕಾಗದವಿರಲಿಲ್ಲ. ಬೂಟಿತ್ತು.

ಭಾನುವಾರ. ಕಣ್ಣು ಮುಚ್ಚಿದರು. ಅಂಗೈ ಎತ್ತಿದರು.
‘ಒಂದು ಪಾದರಕ್ಷೆ ಕಾಣುತ್ತಿದೆ... ಎಡಗಾಲಿನದು...
ಒಳಗೆ ದ್ರೋಹದ ಕಾಗದ.’

ಶೆಡ್ಡಿನ ತಗಡಿನ ಮೇಲೆ ಹಕ್ಕಿಯೊಂದು ನಡೆದ ಸದ್ದು.
ದೇವರೇ, ನಿನಗೂ ನನ್ನ ಸುಳ್ಳು ಗೊತ್ತಾಗಲಿಲ್ಲವೆ?

ಬೂಟು ತರಿಸಿದ. ತಲೆಕೆಳಗು ಮಾಡಿ ಕೊಡವಿದ.
ಉದುರಿದ್ದು ಒಂದು ಒಣಗಿದ ಎಲೆ, ಚೂರು ಮಣ್ಣು.
ಅದನ್ನೇ ನೋಡಿ ನಿಟ್ಟುಸಿರು ಬಿಟ್ಟು
‘ಕಾಗದ ಇವಳ ಹೃದಯದಲ್ಲಿದೆ’ ಎಂದ.
ನಲವತ್ತು ಜನ ಆಮೆನ್ ಎಂದರು.
ನಾನೂ ಅಂದೆ, ಟೆಸ್. ಅಭ್ಯಾಸ.
ಗೊತ್ತಾದ ಮೇಲೂ ನಾಲ್ಕು ತಿಂಗಳು ಅಲ್ಲೇ ಇದ್ದೆ.
ಗೊತ್ತಾಗುವುದು ಬೇರೆ, ಮೊಳೆಯಿಂದ ಕೀಲಿ ತೆಗೆಯುವುದು ಬೇರೆ.

ಈಗ ಬೇಕರಿಯಲ್ಲಿ ಕೆಲಸ.
ಕೂದಲು ಕತ್ತರಿಸಿಕೊಳ್ಳಲು ಹೊರಟರೆ
ಯಾರನ್ನೋ ಕೇಳಬೇಕಿತ್ತಲ್ಲ ಎಂದು ಹೊಸ್ತಿಲಲ್ಲಿ ನಿಲ್ಲುತ್ತೇನೆ.
ಪ್ರಾರ್ಥಿಸುತ್ತೇನೆಯೆ? ಕೆಲವು ರಾತ್ರಿ.
ಬರೆದಿಡುವುದಿಲ್ಲ.

ಹೋದ ವಾರ ಮೇವಿಸ್‌ಗೆ ಕಾಗದ ಬರೆದೆ, ನಿಜವಾದದ್ದು.
ಅವಳಿಗೂ ಒಂದು ನೋಟ್‌ಬುಕ್ಕಿತ್ತಲ್ಲ,
ಪ್ರತಿ ರಾತ್ರಿ ಒಂಬತ್ತಕ್ಕೆ, ಅದೇ ಹಸಿರು ಶಾಯಿ.
ಅಂಚೆಗೆ ಹಾಕಿದರೆ ಒಡೆದು ಓದುವುದು ಅವಳಲ್ಲ.
ಹಿಂಬಾಗಿಲ ಬಳಿ ಬೂಟಿವೆ, ಅದೇ ಜೋಡಿ.
ಸದ್ಯಕ್ಕೆ ಎಡಗಾಲಿನದರಲ್ಲಿ ಇಟ್ಟಿದ್ದೇನೆ.
ಮಳೆ ಬಂದು ಹಾಕಿಕೊಳ್ಳಲು ಹೋದರೆ
ನೆನಪು ಮಾಡು.