ಏಳು ಸೆಕೆಂಡಿನ ನಲ್ಲಿ

ಭೋಸರಿಯ ಈ ಫೋರ್ಜಿಂಗ್ ಶೆಡ್ಡಿನಲ್ಲಿ
ಇಪ್ಪತ್ತೆರಡು ವರ್ಷ ನಾನು ಅಳೆದದ್ದು ಬಹಳ.
ಸುತ್ತಿಗೆ ಬಿದ್ದಾಗಿನ ಸದ್ದು: ನೂರಾ ಎಂಟು ಡೆಸಿಬೆಲ್.
ಕುಲುಮೆಯ ಬಾಯಿಗೆ ನಿಂತವನ ಎದೆಮಟ್ಟದ ಶಾಖ.
ಗ್ರೈಂಡಿಂಗ್ ಮೂಲೆಯ ಧೂಳು, ಮೆಟ್ಟಿಲಿನ ಬೆಳಕು,
ಗೇಟಿಗೆ ಆಂಬುಲೆನ್ಸ್ ಬರಲು ಹಿಡಿಯುವ ನಿಮಿಷ.

ಮೀಟರುಗಳಿಗೂ ವರ್ಷಕ್ಕೊಮ್ಮೆ ಪರೀಕ್ಷೆ.
ಪೆಟ್ಟಿಗೆಯಲ್ಲಿ ಹತ್ತಿ ಹಾಸಿ, ಕೂಸಿನ ಹಾಗೆ ಮಲಗಿಸಿ
ಲ್ಯಾಬಿಗೆ ಕಳಿಸುತ್ತೇನೆ.
ಹಸಿರು ಚೀಟಿ ಅಂಟಿಸಿಕೊಂಡು ಮರಳುತ್ತವೆ:
ಇದು ಹೇಳುವುದು ನಿಜ, ಮುಂದಿನ ಜುಲೈವರೆಗೆ.

ಈ ಸಲ ಹೆಡ್ ಆಫೀಸಿನಿಂದ ಬಂದದ್ದು ಮೀಟರಲ್ಲ, ಕಾಗದ.
ನಲವತ್ತೊಂದು ಪ್ರಶ್ನೆ. ಒಂದರಿಂದ ಐದರವರೆಗೆ
ಯಾವುದಾದರೂ ಒಂದಕ್ಕೆ ಸುತ್ತು ಹಾಕಬೇಕು.
ಅಚ್ಚಾಗಿದ್ದದ್ದು ಮರಾಠಿಯಲ್ಲಿ.
ಇಂಡಿ, ಜತ್ತ ಕಡೆಯ ಹುಡುಗರಿಗೆ
ನಾನೇ ಬಾಯಿಮಾತಲ್ಲಿ ಕನ್ನಡ ಮಾಡಿದೆ.
ಮನಸ್ಸಿನ ಸುರಕ್ಷತೆ ಅಂದೆ.
ಬೂಟಿಗೆ ಲೇಸಿನ ಬದಲು ತಂತಿ ಬಿಗಿದ ಮಲ್ಲೇಶಿ ಕೇಳಿದ:
‘ಅದು ಹರದ್ರ ಹೊಸಾದು ಕೊಡತಾರೇನ್ರಿ ಸಾಹೇಬ್ರ,
ಕೈಗವಸಿನಂಗ ಹಳೇದು ತಂದು ತೋರಸಬೇಕೇನು?’
ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆಲಸದ ವೇಗ ನಿಮ್ಮ ಕೈಯಲ್ಲಿದೆಯೇ?
ಪ್ಯಾಕಿಂಗಿನ ತುಳಸಾಬಾಯಿ ಎರಡೂ ಅಂಗೈ
ತಿರುವಿ ತಿರುವಿ ನೋಡಿಕೊಂಡಳು,
ಎಲ್ಲೋ ಇಟ್ಟು ಮರೆತವಳಂತೆ.
ಮನೆಗೆ ಹೋದ ಮೇಲೂ ಕೆಲಸ ತಲೆಯಲ್ಲಿ ಉಳಿಯುತ್ತದೆಯೇ?
ಹ್ಯಾಮರ್ ನಡೆಸುವ ಪಂಢರಿ ಕೋಳೇಕರ ಅಂದ,
ತಲೆಯ ಸುದ್ದಿ ಗೊತ್ತಿಲ್ಲ,
ನಿದ್ದೆಯಲ್ಲಿ ಬಲಗಾಲು ಪೆಡಲ್ ತುಳಿಯುತ್ತದಂತೆ,
ಹೆಂಡತಿ ಈಗ ಕೆಳಗೆ ಹಾಸಿಕೊಳ್ಳುತ್ತಾಳೆ.
‘ಇದಕ್ಕೆ ಎಷ್ಟು ಹಾಕಲಿ?’

ಹೆಸರು ಬೇಡ, ಮಡಚಿ ಡಬ್ಬಿಗೆ ಹಾಕಿ ಅಂದಿದ್ದೆ.
ಡಬ್ಬಿ ಇಟ್ಟದ್ದು ಸೂಪರ್‌ವೈಸರ್ ಗಾಯಧನಿಯ ಮೇಜಿನ ಮೇಲೆ.
ಬೇರೆ ಮೇಜು ಇರಲಿಲ್ಲ.

ತೆರೆದರೆ, ಮೂರು. ಮೂರು. ಮೂರು.
ಹಾಳೆಯ ನಟ್ಟನಡುವೆ ನೆಟ್ಟಗೆ ಇಳಿದ ಸುತ್ತುಗಳು,
ಶೆಡ್ಡಿನ ನೆಲಕ್ಕೆ ನಾನೇ ಬಳಿಸಿದ ಹಳದಿ ಪಟ್ಟಿಯ ಹಾಗೆ:
ಇದರೊಳಗೆ ನಡೆದರೆ ಯಾವ ಗಾಡಿಯೂ ಹಾಯುವುದಿಲ್ಲ.
ಒಂದು ಹಾಕಿದವನನ್ನು ಕರೆಸುತ್ತಾರೆ.
ಐದು ಹಾಕಿದವನನ್ನೂ ಕರೆಸುತ್ತಾರೆ, ನಗುನಗುತ್ತಾ.
ಮೂರರವನ ಗೊಡವೆ ಯಾರಿಗೂ ಬೇಡ.
ಪಂಢರಿಯದು ಯಾವುದೆಂದು ಹುಡುಕಿದೆ. ಸಿಗಲಿಲ್ಲ.

ಸರಾಸರಿ ಮೂರು ದಶಾಂಶ ಸೊನ್ನೆ ನಾಲ್ಕು.
ಮೇಲಿನವರು ಶಭಾಶ್ ಅಂದರು.

ಇನ್ನೊಂದು ಮಾತು.
ಹೋದ ತಿಂಗಳ ತಪಾಸಣೆಯಲ್ಲಿ ನಾನು ಬರೆದಿದ್ದೆ:
‘ಎರಡನೇ ವಾಶ್‌ರೂಮು, ಮೂಲೆಯ ಸ್ನಾನದ ಕೋಣೆ.
ದಿನಾ ಹತ್ತು ನಿಮಿಷ ನಲ್ಲಿ ಸುಮ್ಮನೆ ಬಿಟ್ಟಿರುತ್ತದೆ.
ನೀರು ಪೋಲು. ಒತ್ತುವ ನಲ್ಲಿ ಹಾಕಿಸತಕ್ಕದ್ದು.’
ನಾಲ್ಕೇ ದಿನದಲ್ಲಿ ಹಾಕಿಸಿದರು.
ನನ್ನ ಯಾವ ಟಿಪ್ಪಣಿಗೂ ಇಷ್ಟು ಬೇಗ ಕಾಲು ಬಂದದ್ದಿಲ್ಲ.
ಒಮ್ಮೆ ಒತ್ತಿದರೆ ಏಳು ಸೆಕೆಂಡ್ ನೀರು.

ಶಭಾಶ್ ಬಂದ ದಿನ, ಎರಡನೇ ಪಾಳಿ,
ಕೈ ತೊಳೆಯಲು ಹೋದೆ.
ಮೂಲೆಯ ಬಾಗಿಲು ಹಾಕಿತ್ತು.
ಒಳಗೆ ನೀರು ಸುರಿಯಿತು, ನಿಂತಿತು.
ನಿಂತ ಸಂದಿನಲ್ಲಿ, ಸುತ್ತಿಗೆಯ ಎರಡು ಏಟಿನ ನಡುವೆ,
ಬಾಯಿ ಮುಚ್ಚಿಕೊಂಡವನ ಮೂಗಿನಿಂದ ಒಂದು ಸದ್ದು.
ಟಕ್. ನೀರು.
ನಿಂತಿತು. ಮತ್ತೆ ಆ ಸದ್ದು.
ಟಕ್.
ಬಾಗಿಲ ಕೆಳಗೆ ಬೂಟು ಕಾಣುತ್ತಿತ್ತು,
ತಂತಿ ಬಿಗಿದದ್ದು.

ಎಣಿಸಿದೆ; ಅಭ್ಯಾಸ, ಏನು ಮಾಡಲಿ.
ಹನ್ನೊಂದು ಸಲ ಒತ್ತಿದ.

ಹೊರಗಿನ ಬೇಸಿನ್ನಿನದು ಇನ್ನೂ ಹಳೆಯ ನಲ್ಲಿ.
ಪೂರ್ತಿ ತಿರುಗಿಸಿದೆ.
ಹಾಗೇ ಬಿಟ್ಟು ಬಂದೆ.