ಕೋಡಿಬಾಗದ ಬೋರ್ಡು

ಚೀಟಿಯಲ್ಲಿ ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ:
‘ಎಚ್ಚರಿಕೆ. ಇಲ್ಲಿ ಪ್ರಬಲ ವಿದ್ಯುತ್ ಇದೆ. ಈಜಬೇಡಿ.’
ಕಚೇರಿಯ ಮೊಹರು, ಹಸಿರು ಶಾಯಿಯ ಸಹಿ.
ನಾನು ಪೇಂಟರ್. ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ,
ಅರ್ಥಕ್ಕೆ ಬೇರೆ ದರ ಇಲ್ಲ.

ಆದರೂ ಬ್ರಶ್ಶು ‘ವಿ’ ಬರೆದು ನಿಂತಿತು.
ಮರಳಲ್ಲಿ ಕಂಬವಿಲ್ಲ, ತಂತಿಯಿಲ್ಲ,
ಅಲೆಗೆ ಮೀಟರು ಕೂರಿಸಿದವರಿಲ್ಲ.

ಕರೆಂಟು ಅಂದರೆ ನನಗೆ ಗೊತ್ತಿದ್ದದ್ದು
ಮ್ಯಾಚಿನ ಕೊನೆಯ ಓವರಿಗೆ ತಪ್ಪದೆ ಹೋಗುವುದು.
ಬ್ಯಾಂಕಿನಲ್ಲಿ ಒಮ್ಮೆ ಕೇಳಿದರು:
‘ನಿಮ್ಮದು ಸೇವಿಂಗ್ಸೋ, ಕರೆಂಟೋ?’
‘ಬಿಲ್ಲು ಹೋದ ವಾರವೇ ಕಟ್ಟಿದೆ’ ಅಂದೆ.
ಕ್ಯಾಶಿಯರ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.
ಆ ನಾಚಿಕೆ ಇನ್ನೂ ಪಾಸ್‌ಬುಕ್ಕಿನಲ್ಲಿ ಜಮೆ ಇದೆ.
ತಂಗಿಯ ಮಗಳು ಪರೀಕ್ಷೆಗೆಂದು
ಮೆತ್ತಿನ ಮೇಲೆ ಕರೆಂಟ್ ಅಫೇರ್ಸ್ ಉರು ಹೊಡೆಯುತ್ತಾಳೆ,
ಅರ್ಧ ದಿನ ಮೊಂಬತ್ತಿಯಲ್ಲಿ.

ಶೆಟ್ಲಿ ಸುಲಿಯುತ್ತ ಕೂತಿದ್ದಳು ಮಾಣಕೂಬಾಯಿ ತಾಂಡೇಲ.
ನೀರೊಳಗೆ ಕಾಲು ಹಿಡಿದು ಎಳೆಯುತ್ತದಲ್ಲ,
ಅದಕ್ಕೆ ನಿಮ್ಮಲ್ಲಿ ಏನಂತಾರೆ?
‘ಓಡ’ ಅಂದಳು ಕೊಂಕಣಿಯಲ್ಲಿ, ತಲೆ ಎತ್ತದೆ.
‘ಮನಸ್ಸು ಒಬ್ಬರ ಕಡೆ ಹೋದರೂ ಅದೇ.’
ನಾಲ್ಕು ಶೆಟ್ಲಿ ಸುಲಿದ ಮೇಲೆ,
‘ನಮ್ಮವರು ಹೋದದ್ದೂ ಅದರಲ್ಲೇ.’
ಯಾವುದರಲ್ಲಿ ಎಂದು ನಾನು ಕೇಳಲಿಲ್ಲ.

ಓಡ.
ಕನ್ನಡದವರು ‘ಓಡು’ ಎಂದು ಓದಿಯಾರು.
ಓದಲಿ. ಓಡಲಿ.

ಸಾಹೇಬರಿಗೆ ಫೋನು ಹಚ್ಚಿದೆ: ಸೆಳೆತ ಅಂತ ಬರೆಯಲೇ ಸಾರ್?
‘ಡಿಕ್ಷನರಿಯಲ್ಲಿ ವಿದ್ಯುತ್ ಅಂತಿದೆ.
ನೀವು ಬಣ್ಣ ನೋಡಿಕೊಳ್ಳಿ.’

ಬಣ್ಣದ ಡಬ್ಬಿಯ ಮೇಲೆ ಕೂತು, ಬೀಡಿ ಹಚ್ಚಿ
ಕಾಳಿಯನ್ನು ನೋಡಿದೆ.
ಇದೇ ನೀರಲ್ಲವೇ ಕದ್ರಾದಲ್ಲಿ ಗೋಡೆಗೆ ಸಿಕ್ಕಿ,
ಚಕ್ರ ತಿರುಗಿಸಿ, ತಂತಿ ಹತ್ತಿ
ಯಾವುದೋ ಊರಲ್ಲಿ ಯಾರದೋ ಚಟ್ನಿ ಅರೆದು,
ತನಗೇನೂ ಗೊತ್ತಿಲ್ಲದವರ ಹಾಗೆ
ಇಳಿದು ಬಂದು, ಇಲ್ಲಿ ಉಪ್ಪುನೀರಿಗೆ ಹೆಗಲು ತಾಗಿಸಿ
ಒಳಗೊಳಗೇ ಎಳೆಯುವುದು?
ಚೀಟಿ ಬರೆದವನು ಇಷ್ಟು ಯೋಚಿಸಿರಲಾರ.
ಆದರೂ ಬರೆದದ್ದು ಪೂರ್ತಿ ಸುಳ್ಳೂ ಅಲ್ಲ.

ವಿದ್ಯುತ್ ಅಂತಲೇ ಬರೆದೆ, ಕೆಂಪಿನಲ್ಲಿ.
ಕೆಳಗಿನ ಮೂಲೆಯಲ್ಲಿ ಸಣ್ಣಕ್ಕೆ: ಸೆಳೆತ.
ಇದಕ್ಕೆ ದುಡ್ಡು ಹಿಡಿಯಲಿಲ್ಲ,
ಹಳದಿ ಸ್ವಲ್ಪ ಉಳಿದಿತ್ತು.

ರಾತ್ರಿ ಕೇರಿಯೆಲ್ಲ ಕತ್ತಲೆ.
ಪಾಗಾರದ ಆಚೆಯಿಂದ ಮಾಣಕೂಬಾಯಿಯ ದನಿ:
‘ಕರೆಂಟು ಬಂತಾ?’
ಉತ್ತರ ಹೇಳುವ ಮೊದಲು
ಹೊಳೆಯ ಕಡೆ ಒಮ್ಮೆ ಕಿವಿ ಕೊಟ್ಟೆ.