ಟಿಕೆಟ್ಟಿನ ಬೆನ್ನು

ದುದ್ದದಲ್ಲಿ ಹತ್ತಿದ ಮುದುಕ
ಟಿಕೆಟ್ಟು ಕೇಳಲಿಲ್ಲ, ಟಿಕೆಟ್ಟು ಕೊಟ್ಟ.
ಅಂಗಿಯ ಒಳಜೇಬು, ಅದರೊಳಗೆ ಎಲೆಅಡಿಕೆ ಚೀಲ,
ಅದರೊಳಗೆ ನಾಲ್ಕು ಮಡಿಕೆಯ ಒಂದು ಚೀಟಿ.
‘ಇವತ್ತಿಂದು ತಗೊ, ಆವತ್ತಿಂದು ಕೊಡು.
ನೋಡವ್ವ, ನಿಂದೇ ಕೈಬರಹ.’

ಬಿಡಿಸಿದರೆ ಚೀಟಿಗೆ ಮುಖವೇ ಇಲ್ಲ.
ಮಷೀನಿನ ಅಕ್ಷರ ಅಷ್ಟೆ: ಬೆವರಿಗೆ, ಬಿಸಿಲಿಗೆ
ಊರು ಮಾಸಿ, ದರ ಮಾಸಿ, ತಾರೀಖು ಮಾಸಿ
ಬರೀ ಬಿಳಿ.
ಬೆನ್ನ ಮೇಲೆ ಮಾತ್ರ ನನ್ನ ನೀಲಿ ಪೆನ್ನು
ಒತ್ತಿ ಬರೆದು ಸುತ್ತ ಸೊನ್ನೆ ಸುತ್ತಿದ್ದು:
ಎಂಟು ರೂಪಾಯಿ ಬಾಕಿ.

ಯಾವತ್ತಿನದು? ಅವನಿಗೂ ಗೊತ್ತಿಲ್ಲ.
ಆಲೂಗಡ್ಡೆ ಬಿತ್ತನೆಗೆ ಮುಂಚೆ, ಅಂದ.
ಎಲ್ಲಿಗೆ ಹೋದದ್ದೋ, ಯಾಕೆ ಹೋದದ್ದೋ,
ಸೀಟು ಸಿಕ್ಕಿತ್ತೋ, ನಿಂತೇ ಹೋದನೋ,
ಒಂದೂ ಉಳಿದಿಲ್ಲ. ಉಳಿದದ್ದು
ಬರಬೇಕಾದ್ದು ಮಾತ್ರ.

ನಗು ಬಂತು. ಆಮೇಲೆ ಬರಲಿಲ್ಲ.

ಯಾಕೆಂದರೆ ನನ್ನ ಹತ್ತಿರವೂ ಇದೆ ಇಂಥದೊಂದು.
ಒಂಬತ್ತು ವರ್ಷದ್ದು. ಅರಸೀಕೆರೆ ನೈಟ್‌ಹಾಲ್ಟು,
ರೆಸ್ಟ್‌ರೂಮಿಗೆ ಒಂದೇ ಪ್ಲಗ್ಗು,
ಅದರಲ್ಲಿ ಇನ್ನೊಬ್ಬಳ ಫೋನು.
ಬೆಳಿಗ್ಗೆ ಹಾಸನದ ದೊಡ್ಡಾಸ್ಪತ್ರೆ ಮೆಟ್ಟಿಲಲ್ಲಿ ಚಲುವಣ್ಣ,
ನನ್ನ ಒಡಹುಟ್ಟಿದವನು, ಮುಖ ನೋಡದೆ ಅಂದದ್ದು:
‘ನೀ ಫೋನೆತ್ತಿದ್ರೆ ಅವ್ವ ಉಳೀತಿದ್ಲು.’

ಒಂದೇ ಸಾಲು.
ಹಾಗನ್ನಬಾರದಿತ್ತು ತಂಗಿ, ಅಂತ ಅವನು ಅನ್ನಬೇಕು.
ಎಷ್ಟು ಸಲ ಅನ್ನಿಸಿದ್ದೇನೆ ಅವನ ಬಾಯಲ್ಲಿ,
ಮಧ್ಯಾಹ್ನದ ಖಾಲಿ ಟ್ರಿಪ್ಪಿನಲ್ಲಿ,
ಪಾತ್ರೆ ತೊಳೆವಾಗ ನಲ್ಲಿಯ ಸದ್ದಿನಲ್ಲಿ.
ಒಮ್ಮೆ ಅತ್ತು ಅನ್ನುತ್ತಾನೆ, ಒಮ್ಮೆ ಕೈಮುಗಿದು.
ಒಂದು ಸಲವೂ ನಾನು ಕ್ಷಮಿಸಿದ್ದಿಲ್ಲ.

ಈಗ ಈ ಚೀಟಿ ಹಿಡಿದು ಕಂಬಿಗೆ ಒರಗಿ
ಅವ್ವನ ದನಿ ಹುಡುಕಿದೆ. ಸಿಗಲಿಲ್ಲ.
ಡ್ಯೂಟಿ ಮುಗಿಸಿ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರೆ
ಒಳಗಿಂದ ‘ಬಂದ್ಯೇನೇ’ ಅನ್ನುತ್ತಿದ್ದಳಲ್ಲ,
ಅದರಲ್ಲಿ ಎಲ್ಲಿ ಎಳೆಯುತ್ತಿದ್ದಳು?
ತಿರುಗಿಸಿದೆ, ಮತ್ತೆ ತಿರುಗಿಸಿದೆ.
ಒಂಬತ್ತು ವರ್ಷ ಬೆನ್ನನ್ನೇ ಓದುತ್ತಾ ಕೂತವಳು
ಮುಖ ಮಾಸಿದ್ದು ಯಾವಾಗ ಅಂತ ನೋಡಲಿಲ್ಲ.

‘ಕೊಡವ್ವ, ಹಾರ್ನಳ್ಳಿ ಬಂತು.’

ರೂಲಿನ ಪ್ರಕಾರ ಕೊಡುವ ಹಾಗಿಲ್ಲ.
ಆವತ್ತಿನ ಲೆಕ್ಕ ಆವತ್ತೇ ಡಿಪೋದಲ್ಲಿ ಮುಗಿದಿದೆ.
ದಿನಾ ಮುಗಿಯುತ್ತದೆ: ನೋಟು ಎಣಿಸಿ, ನಾಣ್ಯ ಎಣಿಸಿ,
ಬ್ಯಾಗು ತಲೆಕೆಳಗು ಮಾಡಿ ಕೊಡವಿ,
ಬೆಳಿಗ್ಗೆ ಖಾಲಿ ಬ್ಯಾಗು ಹೆಗಲಿಗೆ.
ಹದಿನಾರು ವರ್ಷದ ಕೆಲಸ,
ಕೈ ಕಲಿತಿದೆ. ನಾನು ಕಲಿತಿಲ್ಲ.

ಸ್ವಂತ ದುಡ್ಡು ಐವತ್ತು ಅಂತ ಬರೆದುಕೊಂಡಿದ್ದೆ,
ಅದರಲ್ಲೇ ಎಂಟು ಎಣಿಸಿ ಕೊಟ್ಟೆ.
ಚೀಟಿಗೆ ಗೀಟು ಹೊಡೆಯಲು ಪೆನ್ನು ತೆಗೆದರೆ
ಅವನಾಗಲೇ ಅದನ್ನು ಕಸಿದು ಸುರುಳಿ ಸುತ್ತಿ
ಕಿವಿಗಿಟ್ಟು, ಒಂದು ಕಣ್ಣು ಮುಚ್ಚಿ,
ಹಾಯಾಗಿ ತಿರುವುತ್ತಿದ್ದ.
ಎರಡು ತಿಂಗಳು ಎಲೆಅಡಿಕೆ ಜೊತೆ ಜೋಪಾನ ಮಾಡಿದ್ದನ್ನು!
ಆಮೇಲೆ ಕಿಟಕಿಯಾಚೆ ಎಸೆದು
‘ಈ ಸಲ ಅಂಗಮಾರಿ ಇಲ್ಲ, ಹೂವು ನೋಡು ಹೆಂಗವೆ’ ಅಂದ.

ನೋಡಿದೆ.
ಇದೇ ರಸ್ತೆಯಲ್ಲಿ ದಿನಕ್ಕೆ ನಾಲ್ಕು ಟ್ರಿಪ್ಪು.
ಆಲೂಗಡ್ಡೆ ಹೂವಿನ ಬಿಳಿಗೆ ತುಸು ನೇರಳೆ ಇರುತ್ತದೆಂದು
ಇವತ್ತು ಗೊತ್ತಾಯಿತು.

ಚಲುವಣ್ಣ ಬರುವುದಿಲ್ಲ. ಬಂದರೂ
ಅವನ ಹತ್ತಿರ ಚಿಲ್ಲರೆ ಇರುವುದಿಲ್ಲ.
ನನ್ನ ಐವತ್ತರಲ್ಲೇ ಅದೂ ಹೋಗಬೇಕು.

ಹಿಂದಿನಿಂದ ಯಾರೋ ‘ಹೋಲ್ಡಾನ್’ ಅಂದರು,
ನಾನೂ ಕೂಗಿದೆ, ಬಸ್ಸು ನಿಂತಿತು.
ಮುದುಕ ಇಳಿದ. ಬುಟ್ಟಿಯಲ್ಲಿ ಒಂದು ಕೋಳಿ,
ಕೋಳಿಯ ಹಿಂದೆ ಒಬ್ಬಳು, ಅವಳ ಹಿಂದೆ ಒಬ್ಬ ಹುಡುಗ ಹತ್ತಿದರು.
ಬಾಗಿಲು ಎಳೆದುಕೊಂಡು ರೈಟ್ ಅಂದೆ.

ಹುಡುಗ ಇನ್ನೂರರ ನೋಟು ಚಾಚಿದ.
‘ಚಿಲ್ಲರೆ ತರಬಾರ್ದೇನೋ’ ಅಂತ ಗದರಿದೆ.
ಆ ‘ದೇ’ ನಾಲಿಗೆಯ ಮೇಲೆ
ಇಷ್ಟುದ್ದ ನಿಂತಿತು.

ಓ.
ಇಲ್ಲಿ ಎಳೆಯುತ್ತಿದ್ದಳು.